ಮರೆವಿನ ಕಾಯಿಲೆಯ ಪರೀಕ್ಷೆ: ನಾನು ಮಾಡಿಸಿಕೊಂಡದ್ದು, ಸದ್ಯಕ್ಕೆ ಬಿಟ್ಟದ್ದು

ಅಮ್ಮನ ಕಾಯಿಲೆ ಅಲ್ಝೈಮರ್ಸ್ ಎಂದು ಖಚಿತವಾದಾಗ ಅವರಿಗೆ 68 ವರ್ಷ. ನನಗೆ 56 ತುಂಬಿದ ವರ್ಷ ಅಣ್ಣ ಫೋನ್ ಮಾಡಿ, ತಾನು ರಕ್ತಪರೀಕ್ಷೆಯನ್ನೂ ಜೀನ್ ಪರೀಕ್ಷೆಯನ್ನೂ ಮಾಡಿಸಿಕೊಳ್ಳಲು ನಿರ್ಧರಿಸಿದ್ದಾಗಿ ಹೇಳಿ, 'ನೀನೂ ಮಾಡಿಸಿಕೊಂಡುಬಿಡು, ಇಬ್ಬರದೂ ಒಟ್ಟಿಗೆ ಮುಗಿಯಲಿ' ಎಂದ. ಅವನಿಗೆ ಅದು ಅಷ್ಟು ಸರಳವಾಗಿ ಕಂಡಿತ್ತು. ನನಗೆ ಹಾಗೆ ಕಾಣಲಿಲ್ಲವಾದರೂ ಬೇಡ ಎನ್ನುವುದಕ್ಕೂ ನನ್ನ ಬಳಿ ಸ್ಪಷ್ಟವಾದ ಕಾರಣವಿರಲಿಲ್ಲ. ಆದ್ದರಿಂದ ಹೂಂ ಅಥವಾ ಉಹುಂ ಎನ್ನುವ ಮೊದಲು ಯಾವ ಪರೀಕ್ಷೆ ಏನನ್ನು ಹೇಳುತ್ತದೆ, ಹೇಳಿದ್ದನ್ನು ಕೇಳಿಸಿಕೊಂಡ ಮೇಲೆ ನಾನು ಏನು ಮಾಡಬಲ್ಲೆ ಎಂಬುದನ್ನು ಸರಿಯಾಗಿ ಅರಿತುಕೊಳ್ಳಬೇಕೆಂದು ನಿಶ್ಚಯಿಸಿದೆ. ಹಾಗೆ ಹೊರಟಾಗ ಎದುರಾದ ವಿಷಯಗಳನ್ನೂ ಕೊನೆಗೆ ನಾನು ಬಂದು ನಿಂತ ಜಾಗವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಭೇಟಿಯಾದ ನರರೋಗ ತಜ್ಞೆ ಮೊದಲು ಮಾಡಿದ ಕೆಲಸವೆಂದರೆ ನನ್ನ ಒಂದು ಪ್ರಶ್ನೆಯನ್ನು ನಾಲ್ಕಾಗಿ ಒಡೆದದ್ದು. ಈಗ ನಿಮ್ಮ ನೆನಪು, ಗಮನ, ಮಾತು ಇವುಗಳಲ್ಲಿ ಕುಂದು ಬಂದಿದೆಯೇ ಎಂಬುದು ಒಂದು. ಬಂದಿದ್ದರೆ ಅದಕ್ಕೆ ಸರಿಪಡಿಸಬಹುದಾದ ಬೇರೆ ಕಾರಣವಿದೆಯೇ ಎಂಬುದು ಇನ್ನೊಂದು. ಮಿದುಳಿನಲ್ಲಿ ಅಮಿಲಾಯ್ಡ್ ಮತ್ತು ಟೌ ಎಂಬ ಪ್ರೋಟೀನುಗಳು ಕೂಡಿಕೊಳ್ಳುತ್ತಿವೆಯೇ ಎಂಬುದು ಮೂರನೆಯದು. ಹುಟ್ಟಿನಿಂದಲೇ ಬಂದ ವಂಶವಾಹಿಗಳಲ್ಲಿ ಅಪಾಯವನ್ನು ಹೆಚ್ಚಿಸುವಂಥದ್ದು ಇದೆಯೇ ಎಂಬುದು ನಾಲ್ಕನೆಯದು. 'ಮರೆವಿನ ಪರೀಕ್ಷೆ ಮಾಡಿಸಬೇಕು ಎಂದು ಬರುವವರಲ್ಲಿ ಹೆಚ್ಚಿನವರು ಈ ನಾಲ್ಕರಲ್ಲಿ ಯಾವುದನ್ನು ಕೇಳುತ್ತಿದ್ದೇವೆಂದು ಯೋಚಿಸಿರುವುದಿಲ್ಲ. ನಿಮಗೆ ಯಾವುದು ಬೇಕು?' ಎಂದು ಅವರು ಕೇಳಿದರು. ನಾನು ತಕ್ಷಣ ಉತ್ತರಿಸಲಿಲ್ಲ, ಅವರೂ ಒತ್ತಾಯಿಸಲಿಲ್ಲ.

ಮೊದಲ ಪ್ರಶ್ನೆಗೆ ಉತ್ತರ ಹುಡುಕುವ ಸಾಧನಗಳು ಕಾಗದ ಮತ್ತು ಪೆನ್ಸಿಲ್ ಅಷ್ಟೆ. 1975ರಲ್ಲಿ ಬಂದ ಎಂಎಂಎಸ್‌ಇ, 2005ರಲ್ಲಿ ಬಂದ ಮೊಕಾ ಇವೆರಡೂ 30 ಅಂಕಗಳ ಪರೀಕ್ಷೆಗಳು. ಗಡಿಯಾರದ ಚಿತ್ರ ಬರೆದು ಹೇಳಿದ ಸಮಯಕ್ಕೆ ಮುಳ್ಳುಗಳನ್ನಿಡುವುದು, ನೂರರಿಂದ ಏಳೇಳನ್ನು ಕಳೆಯುತ್ತ ಹೋಗುವುದು, ಆರಂಭದಲ್ಲಿ ಕೇಳಿಸಿಕೊಂಡ ಐದು ಪದಗಳನ್ನು ಕೆಲವು ನಿಮಿಷಗಳ ನಂತರ ಹೇಳುವುದು ಮೊಕಾದಲ್ಲಿ ಇರುವಂಥವು. ಇವು ಕಾಯಿಲೆಯನ್ನು ಪತ್ತೆ ಮಾಡುವುದಿಲ್ಲ. ಮುಂದೆ ನೋಡಬೇಕಾದದ್ದು ಏನಾದರೂ ಇದೆಯೇ ಎಂಬುದನ್ನಷ್ಟೇ ಸೂಚಿಸುತ್ತವೆ. ಓದು ಬರಹ ಕಡಿಮೆ ಇರುವವರಿಗೆ ಅಥವಾ ತಮ್ಮದಲ್ಲದ ಭಾಷೆಯಲ್ಲಿ ಪರೀಕ್ಷೆಗೆ ಕೂತವರಿಗೆ ಅಂಕ ಕಡಿಮೆ ಬರಬಹುದು, ಹೆಚ್ಚು ಓದಿದವರಲ್ಲಿ ಆರಂಭದ ಕುಂದು ಅಂಕಗಳ ಹಿಂದೆ ಅಡಗಿಕೊಳ್ಳಲೂಬಹುದು. ಆದ್ದರಿಂದ ಒಂದು ದಿನದ ಅಂಕಕ್ಕಿಂತ, ಅದೇ ವ್ಯಕ್ತಿ ಒಂದೆರಡು ವರ್ಷ ಬಿಟ್ಟು ಪಡೆಯುವ ಅಂಕದೊಂದಿಗೆ ಅದನ್ನು ಹೋಲಿಸಿದಾಗಲೇ ಹೆಚ್ಚು ತಿಳಿಯುತ್ತದೆ ಎಂದು ತಜ್ಞೆ ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿಯಿತು. ನನ್ನ ಜೊತೆ ಬಂದಿದ್ದ ಮಗಳನ್ನು ಅವರು ಬೇರೆಯಾಗಿ ಕೂರಿಸಿಕೊಂಡು, ನಾನು ಮಾಡಿ ಪಳಗಿದ ಕೆಲಸಗಳಲ್ಲಿ ಕ್ರಮ ತಪ್ಪುತ್ತಿದೆಯೇ, ಹಣದ ಲೆಕ್ಕದಲ್ಲಿ ಎಡವುತ್ತಿದ್ದೇನೆಯೇ, ಹೇಳಿದ್ದನ್ನೇ ಮತ್ತೆ ಹೇಳುತ್ತೇನೆಯೇ ಎಂದು ವಿಚಾರಿಸಿದರು. ಪರಿಚಿತರ ಹೆಸರು ನಾಲಿಗೆಗೆ ಬಾರದೆ ಸ್ವಲ್ಪ ಹೊತ್ತಿನ ಮೇಲೆ ನೆನಪಾಗುವುದು ವಯಸ್ಸಿನ ಸಹಜ ಲಕ್ಷಣ. ತಿಳಿದ ಕೆಲಸದ ನಡುವೆ ಮುಂದಿನ ಹೆಜ್ಜೆ ಯಾವುದೆಂದೇ ಹೊಳೆಯದಿರುವುದು ಬೇರೆ ಸಂಗತಿ. ಕಾಯಿಲೆ ಬಂದವರಿಗೆ ತಮ್ಮ ಮರೆವು ತಮಗೇ ಕಾಣದಿರುವುದು ಸಾಮಾನ್ಯವಾದ್ದರಿಂದ ಜೊತೆಯಲ್ಲಿ ಬಾಳುವವರ ಮಾತಿಗೆ ಇಲ್ಲಿ ಇಷ್ಟು ಬೆಲೆ.

ಎರಡನೆಯ ಪ್ರಶ್ನೆಯ ಬಗ್ಗೆ ನಾನು ಹೆಚ್ಚು ವಿಚಾರ ಮಾಡಬೇಕಾಗಲಿಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ಗ್ರಂಥಿಯ ನಿಧಾನಗತಿ, ಖಿನ್ನತೆ, ನಿದ್ರೆಯಲ್ಲಿ ಉಸಿರುಗಟ್ಟುವ ತೊಂದರೆ, ಅಲರ್ಜಿಗೂ ನಿದ್ರೆಗೂ ಮೂತ್ರಕೋಶದ ತೊಂದರೆಗೂ ಕೊಡುವ ಕೆಲವು ಔಷಧಿಗಳು, ಮಂದಗೊಂಡ ಕಿವಿ ಇವೆಲ್ಲ ನೆನಪನ್ನು ಕುಗ್ಗಿಸಬಲ್ಲವು ಅಥವಾ ಕುಗ್ಗಿದಂತೆ ತೋರಿಸಬಲ್ಲವು. ಪತ್ತೆಯಾದರೆ ಇವುಗಳಲ್ಲಿ ಬಹುಪಾಲಿಗೆ ಪರಿಹಾರವಿದೆ. ಉತ್ತರ ಏನೇ ಬಂದರೂ ಕೈಯಲ್ಲಿ ಮಾಡಲು ಕೆಲಸವಿರುವ ಪರೀಕ್ಷೆಗೆ ಹಿಂದೆಮುಂದೆ ನೋಡುವುದೇಕೆ?

ಹಿಂದೆಮುಂದೆ ನೋಡುವಂತೆ ಮಾಡಿದ್ದು ಜೀನ್ ಪರೀಕ್ಷೆ. ಇದರಲ್ಲಿಯೇ ಎರಡು ಬಗೆಗಳಿವೆ, ಎರಡನ್ನೂ ಬೆರೆಸಿಕೊಂಡರೆ ವೃಥಾ ಭಯವಾಗುತ್ತದೆ. ಪ್ರೆಸೆನಿಲಿನ್ 1, ಪ್ರೆಸೆನಿಲಿನ್ 2, ಎಪಿಪಿ ಎಂಬ ಮೂರು ಜೀನ್‌ಗಳಲ್ಲಿನ ಅತಿ ವಿರಳವಾದ ಬದಲಾವಣೆಗಳು ತಂದೆ ಅಥವಾ ತಾಯಿಯಿಂದ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಬಂದರೆ ಕಾಯಿಲೆ ಬಹುಮಟ್ಟಿಗೆ ಖಚಿತ, ಅದೂ ಸಾಮಾನ್ಯವಾಗಿ 65ಕ್ಕೆ ಮೊದಲೇ, ಕೆಲವರಲ್ಲಿ ಮೂವತ್ತು ನಲವತ್ತರ ವಯಸ್ಸಿನಲ್ಲೇ. ಅಲ್ಝೈಮರ್ಸ್ ಇರುವವರಲ್ಲಿ ಇಂಥವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಅಮ್ಮನಿಗೆ ಕಾಯಿಲೆ ಬಂದ ವಯಸ್ಸನ್ನೂ, ಅವರ ಒಡಹುಟ್ಟಿದವರಲ್ಲಿ ಯಾರಿಗೂ ಅದು ಬಾರದಿದ್ದುದನ್ನೂ ಕೇಳಿದ ಜೆನೆಟಿಕ್ ಕೌನ್ಸೆಲರ್ (ಜೀನ್ ಪರೀಕ್ಷೆಗಳ ಬಗ್ಗೆ ತಿಳಿಹೇಳುವವರು) ನಮ್ಮ ಕುಟುಂಬದಲ್ಲಿ ಇದನ್ನು ಹುಡುಕುವ ಅಗತ್ಯವಿಲ್ಲವೆಂದರು.

ಅಣ್ಣ ಮಾಡಿಸಿಕೊಳ್ಳಲು ಹೊರಟದ್ದು ಎಪಿಒಇ ಎಂಬ ಇನ್ನೊಂದು ಜೀನ್‌ನ ಪರೀಕ್ಷೆ. ಈ ಜೀನ್‌ಗೆ ಇ2, ಇ3, ಇ4 ಎಂಬ ಮೂರು ಮುಖ್ಯ ರೂಪಗಳಿವೆ. ಪ್ರತಿಯೊಬ್ಬರಲ್ಲೂ ತಂದೆಯಿಂದ ಬಂದ ಒಂದು ಪ್ರತಿ, ತಾಯಿಯಿಂದ ಬಂದ ಒಂದು ಪ್ರತಿ ಇರುತ್ತದೆ. ಇ4ಕ್ಕೂ ಅಲ್ಝೈಮರ್ಸ್‌ಗೂ ಇರುವ ನಂಟು 1993ರಲ್ಲಿ ಬೆಳಕಿಗೆ ಬಂತು. ಎರಡೂ ಪ್ರತಿ ಇ3 ಆಗಿರುವವರಿಗೆ ಹೋಲಿಸಿದರೆ ಒಂದು ಇ4 ಇರುವವರ ಅಪಾಯ ಸುಮಾರು ಮೂರು ಪಟ್ಟು, ಎರಡು ಇರುವವರದ್ದು ಎಂಟರಿಂದ ಹನ್ನೆರಡು ಪಟ್ಟು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಜನಸಮುದಾಯದಿಂದ ಜನಸಮುದಾಯಕ್ಕೆ ಈ ಪ್ರಮಾಣ ಬದಲಾಗುತ್ತದೆ. ಆದರೂ ಇ4 ಇರುವವರಲ್ಲಿ ಎಷ್ಟೋ ಜನರಿಗೆ ಕಾಯಿಲೆ ಬರುವುದೇ ಇಲ್ಲ, ಇಲ್ಲದವರಲ್ಲಿ ಎಷ್ಟೋ ಜನರಿಗೆ ಬರುತ್ತದೆ. ಡಿಎನ್‌ಎ ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ ತಮ್ಮ ಇಡೀ ಜೀನೋಮನ್ನು ಪ್ರಕಟಿಸಲು ಒಪ್ಪಿದಾಗ ಎಪಿಒಇ ಭಾಗವೊಂದನ್ನು ಮಾತ್ರ ತಮಗೂ ತಿಳಿಸಬಾರದೆಂದು ಕೇಳಿಕೊಂಡಿದ್ದರು. ಅವರ ಅಜ್ಜಿಗೆ ಅಲ್ಝೈಮರ್ಸ್ ಇತ್ತು. ತಳಿವಿಜ್ಞಾನವನ್ನು ಅಷ್ಟು ಬಲ್ಲವರೂ ತಿಳಿಯದಿರಲು ಬಯಸಿದ್ದು ನನಗೆ ಧೈರ್ಯ ಕೊಟ್ಟಿತು ಎಂದು ಹೇಳಲೇಬೇಕು. ಬೇಡವೆನ್ನುವುದು ಅಜ್ಞಾನದ ಲಕ್ಷಣ ಎಂಬ ಅಳುಕು ನನ್ನಲ್ಲಿತ್ತು, ಅದು ಕಳೆಯಿತು.

ಆದರೆ ನನ್ನನ್ನು ತಡೆದ ಮುಖ್ಯ ಕಾರಣ ಕೌನ್ಸೆಲರ್ ಕಾಗದದ ಮೇಲೆ ಬರೆದು ತೋರಿಸಿದ ಕುಟುಂಬದ ನಕ್ಷೆ. ನನ್ನಲ್ಲಿ ಎರಡು ಇ4 ಇವೆಯೆಂದು ತಿಳಿದರೆ, ಅಪ್ಪ ಅಮ್ಮ ಇಬ್ಬರಲ್ಲೂ ಕನಿಷ್ಠ ಒಂದೊಂದು ಇದೆ ಎಂದಾಯಿತು. ನನ್ನ ಮಗಳಲ್ಲಿ ಖಂಡಿತವಾಗಿ ಒಂದು ಇದೆ ಎಂದೂ ಆಯಿತು. ಅವಳಿಗೆ ಆಗ 27 ವರ್ಷ. ಅವಳು ಕೇಳದ, ಒಪ್ಪಿಗೆ ಕೊಡದ ಪರೀಕ್ಷೆಯ ಫಲಿತಾಂಶ ನನ್ನ ರಕ್ತದ ಮೂಲಕ ಅವಳ ಕೈಗೆ ಸೇರಿಬಿಡುತ್ತದೆ. ನನ್ನಲ್ಲಿ ಒಂದೇ ಇದ್ದರೂ ಅವಳ ಪಾಲಿಗೆ ಅರ್ಧಕ್ಕರ್ಧದ ಅನುಮಾನ ಉಳಿಯುತ್ತದೆ. ಅಮ್ಮನ ಪರೀಕ್ಷೆಯನ್ನು ಮಾಡಿಸಿದ್ದರಂತೂ ನನ್ನದೂ ಅಣ್ಣನದೂ ಒಟ್ಟಿಗೆ ಅರ್ಧ ತೆರೆದಂತಾಗುತ್ತಿತ್ತು. ಅವರು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲ ಎಂಬ ಕಾರಣಕ್ಕೇ ಆ ದಾರಿಯನ್ನು ನಾವಿಬ್ಬರೂ ಕೈಬಿಟ್ಟೆವು. ಮಗಳನ್ನು ಕೇಳಿದಾಗ ಅವಳು, 'ಅಮ್ಮಾ, ನಿನ್ನ ಮೈಯ ಮೇಲೆ ನಿನಗೇ ಅಧಿಕಾರ, ಬೇಡ ಎನ್ನಲು ನಾನ್ಯಾರು? ಆದರೆ ನನಗೆ ಈಗಲೇ ತಿಳಿಯುವುದು ಬೇಡ, ತಿಳಿದ ಮೇಲೆ ನೀನು ಮುಚ್ಚಿಟ್ಟುಕೊಂಡು ಒದ್ದಾಡುವುದೂ ಬೇಡ' ಎಂದಳು. ಈ ಎರಡು ಮಾತುಗಳನ್ನೂ ಉಳಿಸಿಕೊಂಡು ಆ ಪರೀಕ್ಷೆಯನ್ನು ಮಾಡಿಸುವುದು ಸಾಧ್ಯವಿರಲಿಲ್ಲ.

ಫಲಿತಾಂಶ ಕೇಳಿದವರು ಕುಸಿದುಹೋಗುತ್ತಾರೆ ಎಂಬ ಭಯ ಮಾತ್ರ ನನ್ನ ಕಾರಣಗಳಲ್ಲಿ ಸೇರಿರಲಿಲ್ಲ. ಅಲ್ಝೈಮರ್ಸ್ ಇದ್ದವರ ವಯಸ್ಕ ಮಕ್ಕಳಿಗೆ ಎಪಿಒಇ ಫಲಿತಾಂಶವನ್ನು ತಿಳಿಸಿ ಅವರ ಆತಂಕ ಮತ್ತು ಖಿನ್ನತೆಗಳನ್ನು ಒಂದು ವರ್ಷ ಗಮನಿಸಿದ ರಿವೀಲ್ ಎಂಬ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ತಿಳಿದವರಿಗೂ ತಿಳಿಯದವರಿಗೂ ಈ ವಿಷಯದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರೆಲ್ಲ ತಾವಾಗಿ ಮುಂದೆ ಬಂದವರು, ಮೊದಲೂ ನಂತರವೂ ತಿಳಿಹೇಳುವವರ ಜೊತೆ ಕೂತು ಮಾತಾಡಿದವರು. ಮನೆಗೆ ತರಿಸಿಕೊಂಡ ಕಿಟ್‌ನಲ್ಲಿ ಎಂಜಲು ಹಾಕಿ ಕಳಿಸಿ, ರಾತ್ರಿ ಒಬ್ಬರೇ ಕೂತು ಫೋನಿನಲ್ಲಿ ಉತ್ತರ ಓದುವವರಿಗೆ ಅದೇ ಸಮಾಧಾನ ಇರುತ್ತದೆಂದು ನಾನು ಒಪ್ಪಲಾರೆ.

ಮೂರನೆಯ ಪ್ರಶ್ನೆ, ಮಿದುಳಿನಲ್ಲಿ ಅಮಿಲಾಯ್ಡ್ ಸೇರುತ್ತಿದೆಯೇ ಎಂಬುದು, ಜೀನ್ ಪರೀಕ್ಷೆಯಂತೆ ಸಂಭವವನ್ನು ಹೇಳುವುದಲ್ಲ, ಮೈಯೊಳಗೆ ನಡೆಯುತ್ತಿರುವುದನ್ನು ಹೇಳುವಂಥದ್ದು. ಲಕ್ಷಣಗಳು ಕಾಣಿಸುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಅಮಿಲಾಯ್ಡ್ ಕೂಡಿಕೊಳ್ಳತೊಡಗುತ್ತದೆ. ಮೊದಲು ಇದನ್ನು ತಿಳಿಯಲು ಸತ್ತ ಮೇಲೆ ಮಿದುಳನ್ನು ಪರೀಕ್ಷಿಸಬೇಕಿತ್ತು. 1906ರಲ್ಲಿ ಅಲೋಯಿಸ್ ಅಲ್ಝೈಮರ್ ತಮ್ಮ ರೋಗಿಯ ಮಿದುಳಿನಲ್ಲಿ ಕಂಡದ್ದನ್ನು ಸಭೆಯ ಮುಂದಿಟ್ಟದ್ದು ಹಾಗೆಯೇ. ನಂತರ ಬೆನ್ನಿನಿಂದ ತೆಗೆದ ದ್ರವದ ಪರೀಕ್ಷೆಯೂ ಅಮಿಲಾಯ್ಡನ್ನು ಚಿತ್ರದಲ್ಲಿ ತೋರಿಸುವ ಪೆಟ್ ಸ್ಕ್ಯಾನೂ ಬಂದವು. ಈಗ ಟೌ ಪ್ರೋಟೀನಿನ ಒಂದು ರೂಪವಾದ ಪಿ-ಟೌ 217 ಎಂಬ ಅಂಶವನ್ನು ರಕ್ತದಲ್ಲೇ ಅಳೆಯಬಹುದು. ಅದನ್ನು ಅಮಿಲಾಯ್ಡ್ ಜೊತೆ ಅನುಪಾತದಲ್ಲಿ ನೋಡುವ ಒಂದು ರಕ್ತಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಅನುಮತಿ ಕೊಟ್ಟಿತು. ಅನುಮತಿ ಇರುವುದು ಯಾರಿಗೆ ಎಂಬುದನ್ನು ತಜ್ಞೆ ಎರಡು ಸಲ ಹೇಳಿದರು: ವಯಸ್ಸು 55 ಅಥವಾ ಅದಕ್ಕೂ ಹೆಚ್ಚಾಗಿದ್ದು, ಮರೆವಿನ ಲಕ್ಷಣಗಳು ಕಾಣಿಸಿಕೊಂಡು, ಅದಕ್ಕಾಗಿ ತಜ್ಞ ವೈದ್ಯರ ಬಳಿ ಬಂದವರಿಗೆ. ನನಗೆ ವಯಸ್ಸಾಗಿತ್ತು, ಲಕ್ಷಣಗಳಿರಲಿಲ್ಲ.

ಲಕ್ಷಣ ಇದ್ದರೇನು ಇಲ್ಲದಿದ್ದರೇನು, ರಕ್ತ ಒಂದೇ ಅಲ್ಲವೇ ಎಂದು ಅಣ್ಣ ವಾದಿಸಿದ. ನಾನು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ತೋರಿಸಿದೆ. ಇದು ವಿವರಣೆಗೆಂದು ಹಾಕಿಕೊಂಡ ಲೆಕ್ಕವೇ ಹೊರತು ಯಾವುದೇ ನಿಜವಾದ ಪರೀಕ್ಷೆಯದಲ್ಲ. ಸಾವಿರ ಜನರಲ್ಲಿ 50 ಮಂದಿಗೆ ಮಾತ್ರ ಕಾಯಿಲೆಯ ಬದಲಾವಣೆಗಳಿವೆ ಎಂದುಕೊಳ್ಳೋಣ. ಪರೀಕ್ಷೆ ಇದ್ದವರಲ್ಲಿ ನೂರಕ್ಕೆ 90 ಮಂದಿಯನ್ನು ಇದೆ ಎಂದೂ, ಇಲ್ಲದವರಲ್ಲಿ ನೂರಕ್ಕೆ 90 ಮಂದಿಯನ್ನು ಇಲ್ಲ ಎಂದೂ ಸರಿಯಾಗಿ ಹೇಳುತ್ತದೆ ಎಂದುಕೊಳ್ಳೋಣ. ಆಗ ಇದೆ ಎಂಬ ಉತ್ತರ ಒಟ್ಟು 140 ಮಂದಿಗೆ ಬರುತ್ತದೆ, ಅವರಲ್ಲಿ ನಿಜವಾಗಿ ಇರುವುದು 45 ಮಂದಿಗೆ; ಉಳಿದ 95 ಮಂದಿ ಇಲ್ಲದ ಕಾಯಿಲೆಯ ನೆರಳಿನಲ್ಲಿ ಬದುಕಬೇಕಾಗುತ್ತದೆ. ಅದೇ ಪರೀಕ್ಷೆಯನ್ನು, ಅರ್ಧದಷ್ಟು ಜನರಿಗೆ ಕಾಯಿಲೆ ಇರಬಹುದಾದ ಮರೆವಿನ ಕ್ಲಿನಿಕ್ಕಿನಲ್ಲಿ ಮಾಡಿದರೆ ಇದೆ ಎಂದ ಹತ್ತರಲ್ಲಿ ಒಂಬತ್ತು ಉತ್ತರಗಳು ನಿಜವಾಗಿರುತ್ತವೆ. ರಕ್ತ ಒಂದೇ, ಪರೀಕ್ಷೆಯೂ ಒಂದೇ, ಆದರೆ ಯಾರನ್ನು ಪರೀಕ್ಷಿಸುತ್ತೇವೆ ಎಂಬುದರ ಮೇಲೆ ಉತ್ತರದ ಬೆಲೆ ಬದಲಾಗುತ್ತದೆ. ಇದರ ಜೊತೆಗೆ ಮೂತ್ರಪಿಂಡದ ಕಾಯಿಲೆ ಇರುವವರ ರಕ್ತದಲ್ಲಿ ಪಿ-ಟೌ ಪ್ರಮಾಣ ಅಲ್ಝೈಮರ್ಸ್ ಇಲ್ಲದೆಯೂ ಏರಿರಬಹುದು.

ಉತ್ತರ ನಿಜವೇ ಆಗಿದ್ದರೂ ಅದಕ್ಕೆ ಏನೆಂದು ಹೆಸರಿಡಬೇಕು ಎಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಜೈವಿಕ ಗುರುತುಗಳು ಕಂಡರೆ ಲಕ್ಷಣಗಳಿಲ್ಲದಿದ್ದರೂ ಅದು ಅಲ್ಝೈಮರ್ಸ್ ಕಾಯಿಲೆಯೇ ಎಂದು 2024ರಲ್ಲಿ ಅಮೆರಿಕದ ಅಲ್ಝೈಮರ್ಸ್ ಅಸೋಸಿಯೇಷನ್‌ನ ಮಾನದಂಡಗಳು ಹೇಳಿದವು. ಅಂಥವರನ್ನು ಅಪಾಯದಲ್ಲಿರುವವರು ಎನ್ನಬೇಕೇ ಹೊರತು ರೋಗಿಗಳೆನ್ನಬಾರದು ಎಂದು ಇಂಟರ್‌ನ್ಯಾಷನಲ್ ವರ್ಕಿಂಗ್ ಗ್ರೂಪ್ ಎಂಬ ತಜ್ಞರ ಕೂಟ ಅದೇ ವರ್ಷ ಪ್ರತಿಪಾದಿಸಿತು. ನನಗೆ ಎರಡನೆಯ ಮಾತೇ ಸರಿಯೆನಿಸುತ್ತದೆ, ಏಕೆಂದರೆ ಮಿದುಳಿನಲ್ಲಿ ಅಮಿಲಾಯ್ಡ್ ಇಟ್ಟುಕೊಂಡೇ ಕೊನೆಯವರೆಗೂ ಚುರುಕಾಗಿ ಬಾಳಿ ಹೋಗುವ ಹಿರಿಯರು ಬಹಳ ಮಂದಿ ಇದ್ದಾರೆ.

ಉತ್ತರ ಸಿಕ್ಕ ಮೇಲೆ ಔಷಧಿ ಇದ್ದಿದ್ದರೆ ನನ್ನ ತೀರ್ಮಾನ ಬೇರೆಯಾಗುತ್ತಿತ್ತು. ಅಮೆರಿಕದಲ್ಲಿ 2023ರಲ್ಲಿ ಲೆಕಾನೆಮಾಬ್, 2024ರಲ್ಲಿ ಡೊನಾನೆಮಾಬ್ ಅನುಮೋದನೆ ಪಡೆದವು. ಇವು ಅಮಿಲಾಯ್ಡನ್ನು ತೆಗೆದುಹಾಕುತ್ತವೆ. ಲೆಕಾನೆಮಾಬ್ ಪ್ರಯೋಗದಲ್ಲಿ ಹದಿನೆಂಟು ತಿಂಗಳಲ್ಲಿ ಕುಸಿತದ ವೇಗ ಶೇ. 27ರಷ್ಟು ತಗ್ಗಿತು. ಕಳೆದದ್ದು ಮರಳಿ ಬರುವುದಿಲ್ಲ. ಮಿದುಳಿನಲ್ಲಿ ಊತ ಮತ್ತು ಸಣ್ಣ ರಕ್ತಸ್ರಾವದ ಅಪಾಯವಿದೆ, ಎರಡು ಇ4 ಇರುವವರಲ್ಲಿ ಅದು ಇನ್ನೂ ಹೆಚ್ಚು. ಇವೆರಡನ್ನೂ ಕೊಡುವುದು ಲಕ್ಷಣಗಳು ಆರಂಭವಾಗಿ ಅಮಿಲಾಯ್ಡ್ ಖಚಿತವಾದವರಿಗೆ. ಲಕ್ಷಣಗಳೇ ಇಲ್ಲದವರಿಗೆ ಸೊಲನೆಜುಮಾಬ್ ಎಂಬ ಔಷಧಿ ಕೊಟ್ಟು ನೋಡಿದ ಎ4 ಎಂಬ ದೊಡ್ಡ ಪ್ರಯೋಗ 2023ರಲ್ಲಿ ಫಲ ಕಾಣದೆ ಮುಗಿಯಿತು. ತಪಾಸಣೆ ಯಾವಾಗ ಸಮರ್ಥನೀಯ ಎಂಬುದಕ್ಕೆ ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ಸೂತ್ರಗಳಲ್ಲಿ, ಪತ್ತೆಯಾದವರಿಗೆ ಕೊಡಲು ಒಪ್ಪಿತವಾದ ಚಿಕಿತ್ಸೆ ಇರಬೇಕು ಎಂಬುದೂ ಒಂದು. ಲಕ್ಷಣಗಳಿಲ್ಲದ ಹಿರಿಯರನ್ನೆಲ್ಲ ಮರೆವಿಗಾಗಿ ತಪಾಸಣೆ ಮಾಡಬೇಕೇ ಎಂಬುದಕ್ಕೆ ಅಮೆರಿಕದ ತಡೆಗಟ್ಟುವ ಸೇವೆಗಳ ಕಾರ್ಯಪಡೆ 2020ರಲ್ಲಿ, ಹೌದು ಎನ್ನಲೂ ಇಲ್ಲ ಎನ್ನಲೂ ಸಾಕಷ್ಟು ಪುರಾವೆ ಇಲ್ಲವೆಂದು ಹೇಳಿತ್ತು.

ಇಷ್ಟನ್ನು ಓದಿದವರು ನಾನು ಪರೀಕ್ಷೆಗಳ ವಿರೋಧಿ ಎಂದುಕೊಳ್ಳಬಾರದು. ಲಕ್ಷಣ ಕಾಣಿಸಿಕೊಂಡವರಿಗೆ ತಡಮಾಡದ ಪರೀಕ್ಷೆ ಎಷ್ಟು ಮುಖ್ಯ ಎಂಬುದನ್ನು ಅಮ್ಮನ ವಿಷಯದಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಅವರು ಒಂದೇ ಬಿಲ್ಲನ್ನು ಎರಡೆರಡು ಸಲ ಕಟ್ಟತೊಡಗಿದಾಗ ನಾವು ವೈದ್ಯರಿಗೆ ತೋರಿಸಿದೆವು. 'ವಯಸ್ಸಾಯಿತಲ್ಲ' ಎಂಬ ಮಾತಿನಲ್ಲಿ ಎರಡು ವರ್ಷ ಕಳೆದುಹೋದವು. ಕಾಯಿಲೆಗೆ ಹೆಸರು ಸಿಗುವ ಹೊತ್ತಿಗೆ ಅಮ್ಮ ತಮ್ಮ ಹಣವನ್ನು ಯಾರು ನೋಡಿಕೊಳ್ಳಬೇಕು, ಎಲ್ಲಿ ಇರಬೇಕು, ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು ಯಾವುದು ಬೇಡ ಎಂದು ಹೇಳುವ ಶಕ್ತಿಯನ್ನು ಕಳೆದುಕೊಂಡಿದ್ದರು. ಜೀವನವಿಡೀ ತಮ್ಮ ತೀರ್ಮಾನಗಳನ್ನು ತಾವೇ ಮಾಡಿದ ಹೆಂಗಸಿಗಾಗಿ ಅವೆಲ್ಲವನ್ನೂ ನಾನೂ ಅಣ್ಣನೂ ಊಹಿಸಿ ಮಾಡಬೇಕಾಯಿತು, ಇಂದಿಗೂ ಮಾಡುತ್ತಿದ್ದೇವೆ. ಆ ಎರಡು ವರ್ಷಗಳಲ್ಲಿ ಅವರನ್ನು ಕೇಳಿಕೊಳ್ಳಬಹುದಾಗಿದ್ದ ಪ್ರಶ್ನೆಗಳ ನೋವು ಬೇರೆ ಯಾವುದಕ್ಕಿಂತಲೂ ದೊಡ್ಡದು. ಮನೆಯ ಹಿರಿಯರೊಬ್ಬರ ನಡೆ ಬದಲಾಗಿದೆ ಎಂದು ನಿಮಗೆ ಅನಿಸಿದರೆ, ವಯಸ್ಸಾಯಿತು ಎಂಬ ಉತ್ತರಕ್ಕೆ ಸಮಾಧಾನಪಡದೆ ಇನ್ನೊಬ್ಬ ವೈದ್ಯರ ಬಳಿಗೆ ಹೋಗಿ ಎಂದೇ ನಾನು ಕೇಳಿಕೊಳ್ಳುತ್ತೇನೆ.

ಅಮ್ಮನ ಪರಿಸ್ಥಿತಿ ನನಗೆ ಒಂದು ಸಂಗತಿಯನ್ನು ತಿಳಿಸಿತು: ಮುಂಚಿತವಾಗಿ ತಿಳಿದವರು ಏನೇನು ಮಾಡುತ್ತಾರೋ ಅದರ ಬಹುಪಾಲನ್ನು ತಿಳಿಯದೆಯೂ ಮಾಡಬಹುದು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರ ವರದಿಯಲ್ಲಿ ಬದಲಾಯಿಸಬಹುದಾದ ಹದಿನಾಲ್ಕು ಅಪಾಯಗಳನ್ನು ಹೆಸರಿಸಿ, ಅವನ್ನೆಲ್ಲ ನಿವಾರಿಸಿದರೆ ಲೋಕದ ಡಿಮೆನ್ಷಿಯಾ (ಅಲ್ಝೈಮರ್ಸ್ ಸೇರಿದಂತೆ ಮರೆವಿನ ಕಾಯಿಲೆಗಳ) ಪ್ರಕರಣಗಳಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಾಗಬಹುದೆಂದು ಅಂದಾಜಿಸಿತು. ಕಿವಿ ಮಂದವಾಗುವುದು, ಕೆಟ್ಟ ಕೊಲೆಸ್ಟರಾಲ್, ರಕ್ತದೊತ್ತಡ, ಮಧುಮೇಹ, ಧೂಮಪಾನ, ಒಂಟಿತನ ಆ ಪಟ್ಟಿಯಲ್ಲಿವೆ. ನನ್ನ ಎಪಿಒಇ ರೂಪ ಯಾವುದೇ ಇರಲಿ, ಈ ಪಟ್ಟಿ ಬದಲಾಗುವುದಿಲ್ಲ. ಹಾಗಾಗಿ ನಾನು ಮೊಕಾ ಪರೀಕ್ಷೆಯನ್ನೂ ಅದಕ್ಕಿಂತ ವಿವರವಾದ ನೆನಪಿನ ಪರೀಕ್ಷೆಯನ್ನೂ ಮುಂದಿನ ಹೋಲಿಕೆಗೆಂದು ಮಾಡಿಸಿಕೊಂಡೆ. ಅಂಕಗಳು ನನ್ನ ವಯಸ್ಸಿಗೆ ತಕ್ಕಂತೆ ಇದ್ದವು. ಬಿ12, ಥೈರಾಯ್ಡ್, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿದೆ. ಕಿವಿಯ ಪರೀಕ್ಷೆಯಲ್ಲಿ ಎರಡೂ ಕಿವಿಗಳಿಗೆ ಮೇಲುಸ್ಥಾಯಿಯ ಶಬ್ದಗಳು ಕೇಳಿಸುತ್ತಿಲ್ಲವೆಂದು ಗೊತ್ತಾಯಿತು, ಈಗ ಶ್ರವಣಸಾಧನ ಧರಿಸುತ್ತಿದ್ದೇನೆ. ಜನರ ನಡುವೆ ಮಾತು ಹಿಡಿಯಲಾಗದೆ ನೆನಪು ಹೋಗುತ್ತಿದೆ ಎಂದು ನಾನು ಭಾವಿಸಿದ್ದ ಎಷ್ಟೋ ಸಂದರ್ಭಗಳಲ್ಲಿ ಮಾತು ನನ್ನ ಕಿವಿಗೇ ಬಿದ್ದಿರಲಿಲ್ಲ.

ವಿಮೆಯ ವಿಷಯವನ್ನು ಅಣ್ಣನೇ ವಿಚಾರಿಸಿದ. ಅಮೆರಿಕದಲ್ಲಿ 2008ರ ಕಾನೂನು ಆರೋಗ್ಯ ವಿಮೆ ಮತ್ತು ಉದ್ಯೋಗದಲ್ಲಿ ಜೀನ್ ಆಧರಿಸಿದ ತಾರತಮ್ಯವನ್ನು ತಡೆಯುತ್ತದೆ, ಜೀವವಿಮೆಗೂ ದೀರ್ಘಕಾಲದ ಆರೈಕೆಯ ವಿಮೆಗೂ ಅನ್ವಯಿಸುವುದಿಲ್ಲ. ದೇಶದಿಂದ ದೇಶಕ್ಕೆ ನಿಯಮ ಬೇರೆ. ಒಮ್ಮೆ ವೈದ್ಯಕೀಯ ದಾಖಲೆಗೆ ಸೇರಿದ್ದನ್ನು ಹಿಂತೆಗೆಯಲಾಗದು ಎಂಬುದನ್ನು ಅರಿತೇ ಅವನು ರಕ್ತ ಕೊಟ್ಟ. ಅನಿಶ್ಚಯವೇ ಅವನಿಗೆ ನಿದ್ರೆ ಕೆಡಿಸುತ್ತಿತ್ತು. ಹಾಗಿರುವವರಿಗೆ, ಸರಿಯಾದ ತಿಳಿವಳಿಕೆಯ ನಂತರ, ಪರೀಕ್ಷೆ ತಕ್ಕ ನಿರ್ಧಾರವೇ ಎಂದು ನನಗೂ ಮನವರಿಕೆಯಾಗಿದೆ. ಫಲಿತಾಂಶವನ್ನು ನನಗೆ ಹೇಳಬಾರದೆಂದು ನಮ್ಮಲ್ಲಿ ಒಪ್ಪಂದವಾಗಿತ್ತು. ಅವನು ಅದನ್ನು ಉಳಿಸಿಕೊಂಡಿದ್ದಾನೆ. ಅದು ಇಬ್ಬರಿಗೂ ಕಷ್ಟದ ಒಪ್ಪಂದ: ಅವನು ನಡಿಗೆ ಹೆಚ್ಚಿಸಿದರೆ, ಆಸ್ತಿಯ ಕಾಗದಗಳನ್ನು ಹೊಂದಿಸತೊಡಗಿದರೆ, ಒಂದು ದಿನ ವಿನಾಕಾರಣ ಮೌನವಾಗಿದ್ದರೆ ಅದರಲ್ಲಿ ಉತ್ತರವನ್ನು ಓದಲು ನನ್ನ ಮನಸ್ಸು ಹವಣಿಸುತ್ತದೆ. ಅದಕ್ಕೆ ನಾನು ಅವಕಾಶ ಕೊಡುವುದಿಲ್ಲ.

ನನ್ನ ತೀರ್ಮಾನವನ್ನು ಬರಹದಲ್ಲಿ ಇಟ್ಟಿದ್ದೇನೆ. ನೆನಪಿನ ಪರೀಕ್ಷೆಯನ್ನು ತಜ್ಞೆ ಹೇಳಿದ ಅಂತರದಲ್ಲಿ ಮತ್ತೆ ಮಾಡಿಸಬೇಕು. ಅಂಕಗಳು ಇಳಿದರೆ, ಅಥವಾ ಮಗಳಿಗೆ ನನ್ನ ನಡೆಯಲ್ಲಿ ಬದಲಾವಣೆ ಕಂಡರೆ, ನಾನು ಚೆನ್ನಾಗಿಯೇ ಇದ್ದೇನೆಂದು ಹಟ ಹಿಡಿದರೂ ನನ್ನನ್ನು ಪಿ-ಟೌ ರಕ್ತಪರೀಕ್ಷೆಗೂ ಅಗತ್ಯವಾದರೆ ಸ್ಕ್ಯಾನಿಗೂ ಕರೆದೊಯ್ಯಬೇಕು. ಲಕ್ಷಣಗಳು ಬರುವ ಮೊದಲೇ ಕೊಡಬಹುದಾದ ಔಷಧಿ ಪ್ರಯೋಗಗಳಲ್ಲಿ ಗೆದ್ದರೆ ರಕ್ತಪರೀಕ್ಷೆಯ ಪ್ರಶ್ನೆಯನ್ನು ಹೊಸದಾಗಿ ತೆಗೆದುಕೊಳ್ಳಬೇಕು. ಅಮಿಲಾಯ್ಡ್ ತೆಗೆಯುವ ಔಷಧಿ ಆರಂಭಿಸುವ ಸಂದರ್ಭ ಬಂದರೆ ಮಿದುಳಿನ ಊತದ ಅಪಾಯವನ್ನು ಅಳೆಯಲು ಎಪಿಒಇ ತಿಳಿಯಬೇಕಾಗುತ್ತದೆ, ಆಗ ಅದನ್ನೂ ಮಾಡಿಸಬೇಕು. ಹಣಕಾಸಿನ ಅಧಿಕಾರ ಯಾರಿಗೆ, ಯಾವ ಚಿಕಿತ್ಸೆ ಬೇಡ ಎಂಬುದನ್ನೂ ಅದರಲ್ಲಿಯೇ ಬರೆದು ಸಹಿ ಹಾಕಿದ್ದೇನೆ. ಮಗಳು ಅದನ್ನು ಓದಿ ಒಂದು ಸಾಲನ್ನು ಸೇರಿಸಲು ಹೇಳಿದಳು, ಸೇರಿಸಿದ್ದೇನೆ: ಜೀನ್ ಪರೀಕ್ಷೆಗೆ ರಕ್ತ ಕೊಡುವ ಸಂದರ್ಭ ಎಂದಾದರೂ ಬಂದರೆ ಅದಕ್ಕೆ ಮೊದಲು ಅವಳಿಗೆ ತಿಳಿಸಬೇಕು, ಫಲಿತಾಂಶವನ್ನು ಅವಳಾಗಿ ಕೇಳಿದರೆ ಮಾತ್ರ ಹೇಳಬೇಕು.